ಚಿಕ್ಕಪ್ಪನ ಭೂತಗನ್ನಡಿ ಹಿಡಿದು ಗ್ರೀಸ್ ನೋಡಿದ್ದು

ಚಿಕ್ಕಪ್ಪ ನಲವತ್ತು ವರ್ಷ ವಾಚು ರಿಪೇರಿ ಮಾಡಿದವರು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಕೆಲಸ ನಿಲ್ಲಿಸಿದರು. ಅವರ ಮೇಜಿನ ಗಾಜಿನ ಕೆಳಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಇತ್ತು. ಹಸಿರು ಕಿಲುಬು ಹಿಡಿದ ಒಂದು ಕಂಚಿನ ತುಂಡು, ಅದರ ಮೇಲೆ ಚಕ್ರ, ಚಕ್ರಕ್ಕೆ ಹಲ್ಲು. ನಾನು ಚಿಕ್ಕವಳಿದ್ದಾಗಿನಿಂದ ಅದನ್ನು ತೋರಿಸಿ ಹೇಳುತ್ತಿದ್ದರು: "ಪುಟ್ಟಿ, ಇದಕ್ಕೆ ಎರಡು ಸಾವಿರ ವರ್ಷ. ಮಾಡಿದವನು ನಮ್ಮ ಕಸುಬಿನವನೇ."

ಅದನ್ನು ಅವರಿಗೆ ಕಣ್ಣಾರೆ ತೋರಿಸಬೇಕು ಅಂತ ನಾನು ಗ್ರೀಸ್‌ಗೆ ಏಳು ದಿನದ ಪ್ರವಾಸ ಹಾಕಿದೆ. ಜೊತೆಗೆ ನನ್ನದೂ ಒಂದು ಆಸೆ ಇತ್ತು. ದಿನಾ ಬಳಸುವ ಎಷ್ಟೋ ವಸ್ತುಗಳನ್ನು ನಾವು ಮೊನ್ನೆ ಮೊನ್ನೆ ಹುಟ್ಟಿದವು ಅಂದುಕೊಂಡಿದ್ದೇವೆ. ಅವುಗಳ ಅಜ್ಜ ಮುತ್ತಜ್ಜಂದಿರನ್ನು ಹುಡುಕಬೇಕು ಅಂತ.

ಮೊದಲ ದಿನ: ನಿಲ್ದಾಣದ ಗೋಡೆ, ಗಾಳಿಯ ಗೋಪುರ

ಅಥೆನ್ಸ್ ವಿಮಾನ ನಿಲ್ದಾಣದಿಂದ ಮೆಟ್ರೋ ಹಿಡಿದು ಸಿಂಟಗ್ಮಾ ನಿಲ್ದಾಣದಲ್ಲಿ ಇಳಿದೆವು. ಹೊರಗೆ ಹೋಗುವ ಮೊದಲೇ ಚಿಕ್ಕಪ್ಪ ನಿಂತುಬಿಟ್ಟರು. ಒಂದು ಕಡೆ ಗೋಡೆಯೇ ಇಲ್ಲ, ದೊಡ್ಡ ಗಾಜು. ಅದರ ಹಿಂದೆ ಕಂಬಳಿಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ ಮಣ್ಣಿನ ಪದರಗಳು. ಮೆಟ್ರೋಗಾಗಿ ಅಗೆದಾಗ ಸಿಕ್ಕಿದ್ದನ್ನು ಹಾಗೇ ತೋರಿಸಿದ್ದಾರೆ. ಒಂದು ಸಮಾಧಿ, ಗೋಡೆಯ ತುಂಡುಗಳು, ಸುಟ್ಟ ಮಣ್ಣಿನ ನೀರಿನ ಪೈಪುಗಳು.

ಕ್ರಿ.ಪೂ. 6ನೇ ಶತಮಾನದಲ್ಲಿ ಪೀಸಿಸ್ಟ್ರಾಟಸ್ ಮನೆತನ ಆಳುತ್ತಿದ್ದಾಗ ಅಥೆನ್ಸ್‌ಗೆ ನೀರು ತಂದಿದ್ದು ಇಂಥ ಪೈಪುಗಳೇ. ಆ ಸಾಲಿನ ಪೈಪುಗಳ ಮೇಲೆ ಕೈ ತೂರಿಸುವಷ್ಟು ತೂತು, ಅದಕ್ಕೊಂದು ಮುಚ್ಚಳ ಇರುತ್ತಿತ್ತು. ಒಳಗಿನಿಂದ ಕೀಲು ಮೆತ್ತಲು, ಕಟ್ಟಿಕೊಂಡರೆ ತೆಗೆಯಲು. "ರಿಪೇರಿಗೆ ಜಾಗ ಬಿಟ್ಟಿದ್ದಾರೆ ನೋಡು" ಅಂದರು ಚಿಕ್ಕಪ್ಪ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಸಂಜೆ ರೋಮನ್ ಅಗೋರಾಕ್ಕೆ, ಅಂದರೆ ರೋಮನ್ನರ ಕಾಲದ ಸಂತೆ ಬಯಲಿಗೆ, ಹೋದೆವು. ಅಲ್ಲಿ ಎಂಟು ಮುಖದ ಅಮೃತಶಿಲೆಯ ಗೋಪುರ ಇದೆ. ಎತ್ತರ ಸುಮಾರು 12 ಮೀಟರ್. ಆಂಡ್ರೋನಿಕಸ್ ಎಂಬ ಖಗೋಳ ಬಲ್ಲವನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿಸಿದ್ದು. ಒಂದೊಂದು ಮುಖದ ಮೇಲೆ ಒಂದೊಂದು ಗಾಳಿಯ ದೇವತೆ. ಬಡಗಣ ಗಾಳಿ ಶಂಖ ಊದುತ್ತಿದೆ. ತೆಂಕಣ ಗಾಳಿ ಕೊಡ ಬಗ್ಗಿಸಿ ನೀರು ಸುರಿಯುತ್ತಿದೆ, ಅಂದರೆ ಮಳೆ ತರುವವನು. ಪಡುವಣ ಗಾಳಿಯ ಮಡಿಲಲ್ಲಿ ಹೂವು. ಓದು ಬಾರದವನೂ ತಲೆ ಎತ್ತಿ ನೋಡಿದರೆ ನಾಳೆಯ ಹವಾಮಾನ ತಿಳಿಯಬೇಕು, ಅಷ್ಟು ಸುಲಭ.

ಗೋಪುರದ ತುದಿಯಲ್ಲಿ ಟ್ರೈಟನ್ ಎಂಬ ಸಮುದ್ರ ದೇವತೆಯ ಕಂಚಿನ ಬೊಂಬೆ ಇತ್ತು, ಗಾಳಿ ಬೀಸಿದಂತೆ ತಿರುಗಿ ಕೈಯ ಕೋಲಿನಿಂದ ಆ ದಿಕ್ಕಿನ ದೇವತೆಯನ್ನು ತೋರಿಸುತ್ತಿತ್ತು ಅಂತ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಈಗ ಬೊಂಬೆ ಇಲ್ಲ. ಹೊರಗಿನ ಗೋಡೆಗಳ ಮೇಲೆ ಬಿಸಿಲು ಗಡಿಯಾರದ ಗೆರೆಗಳಿವೆ. ಒಳಗೆ ನೆಲದಲ್ಲಿ ನೀರಿನ ಗಡಿಯಾರಕ್ಕಾಗಿ ಕೊರೆದ ಕಾಲುವೆಗಳಿವೆ. ಬಿಸಿಲಿದ್ದಾಗ ಹೊರಗೆ ನೋಡು, ಮೋಡ ಮುಚ್ಚಿದರೆ ಒಳಗೆ ಬಾ. ಫೋನು ತೆರೆದರೆ ಮೊದಲು ಕಾಣುವುದು ಗಂಟೆ ಮತ್ತು ಹವಾಮಾನ ತಾನೇ? ಅವೆರಡೂ ಇಲ್ಲಿ ಒಂದೇ ಕಟ್ಟಡದಲ್ಲಿದ್ದವು, ಊರಿನ ಎಲ್ಲರಿಗೂ.

ಅಲ್ಲೇ ಕಲ್ಲಿನ ಮೇಲೆ ಕೂತು ಚಿಕ್ಕಪ್ಪ ಒಂದು ಮಾತು ಹೇಳಿದರು. "ಯಾರಾದರೂ ವಾಚು ತಂದರೆ ನಾನು ಮೊದಲು ವಾಚು ಬಿಚ್ತಿರಲಿಲ್ಲ. ಏನು ತೊಂದರೆ ಅಂತ ಕೇಳ್ತಿದ್ದೆ. ಇಲ್ಲೂ ಹಾಗೇ ಕೇಳೋಣ. ಇದನ್ನು ಮಾಡೋಕೆ ಮುಂಚೆ ಇವರಿಗೆ ಏನು ತೊಂದರೆ ಆಗ್ತಿತ್ತು?" ಇಡೀ ಪ್ರವಾಸಕ್ಕೆ ಅದೇ ದಾರಿ ತೋರಿಸಿತು.

ಎರಡನೇ ದಿನ: ಆರು ನಿಮಿಷದ ನೀರು

ಬೆಳಿಗ್ಗೆ ಹಳೆಯ ಅಗೋರಾ. ಅಥೆನ್ಸ್‌ನ ಜನ ವ್ಯಾಪಾರ, ವಾದ, ನ್ಯಾಯ ಎಲ್ಲಕ್ಕೂ ಸೇರುತ್ತಿದ್ದ ಬಯಲು. ಅದರ ಅಂಚಿನಲ್ಲಿ ಅಟ್ಟಾಲಸ್ ದೊರೆ ಕಟ್ಟಿಸಿದ ಉದ್ದನೆಯ ಮೊಗಸಾಲೆ ಇದೆ. 1950ರ ದಶಕದಲ್ಲಿ ಅದನ್ನು ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ.

ನಾನು ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ನಾಲ್ಕು ಗಂಟೆ ಹಿಡಿಯಿತು.

ಮೊದಲು ಕಂಡಿದ್ದು ಕ್ಲೆಪ್ಸಿಡ್ರಾ. ಕ್ರಿ.ಪೂ. 400ರ ಸುಮಾರಿನ ಮಣ್ಣಿನ ಪಾತ್ರೆ, ತಳದ ಹತ್ತಿರ ಸಣ್ಣ ಕಂಚಿನ ನಳಿಕೆ. ನೋಡಲು ನಲ್ಲಿ ಇರುವ ಹೂಕುಂಡದ ಹಾಗೆ. ಇದರ ಕೆಲಸ, ನ್ಯಾಯಾಲಯದಲ್ಲಿ ಮಾತಾಡುವವರಿಗೆ ಸಮಯ ಅಳೆಯುವುದು. ಬಿರಡೆ ತೆಗೆದರೆ ನೀರು ಸುರಿಯಲು ಶುರು. ನೀರು ಮುಗಿದರೆ ನಿನ್ನ ಮಾತೂ ಮುಗಿಯಿತು. ಈ ಪಾತ್ರೆಗೆ 6.4 ಲೀಟರ್ ಹಿಡಿಯುತ್ತದೆ, ಖಾಲಿ ಆಗಲು ಸುಮಾರು ಆರು ನಿಮಿಷ ಬೇಕು.

ಚಿಕ್ಕಪ್ಪ ಪಾತ್ರೆಯ ಬಾಯಿಯ ಹತ್ತಿರ ಇರುವ ಇನ್ನೊಂದು ತೂತನ್ನು ತೋರಿಸಿದರು. ನನಗೆ ಅದು ಕಂಡೇ ಇರಲಿಲ್ಲ. ಜಾಸ್ತಿ ತುಂಬಿದರೆ ಆ ತೂತಿನಿಂದ ಹೊರಗೆ ಹೋಗುತ್ತದೆ. ಹಾಗಾಗಿ ಪ್ರತಿ ಸಲ ನೀರು ಅಷ್ಟೇ. ನನ್ನ ಎದುರಾಳಿಗೆ ಒಂದು ಚೊಂಬು ಜಾಸ್ತಿ ಹಾಕಿದ್ದೀರಿ ಅಂತ ಯಾರೂ ಜಗಳ ತೆಗೆಯುವಂತಿಲ್ಲ. ತೊಂದರೆ ಏನು ಅಂತ ಕೇಳಿದರೆ ಉತ್ತರ ಆ ತೂತಿನಲ್ಲೇ ಇದೆ: ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ.

"ಆದರೆ ಇದು ಗಡಿಯಾರ ಅಲ್ಲ" ಅಂದರು ಚಿಕ್ಕಪ್ಪ. ಪಾತ್ರೆ ತುಂಬಿದ್ದಾಗ ಮೇಲಿನ ನೀರಿನ ಭಾರಕ್ಕೆ ಧಾರೆ ಜೋರು. ಕಡಿಮೆ ಆದಂತೆ ಧಾರೆ ಸಣ್ಣ. ಹಾಗಾಗಿ ಅರ್ಧ ಪಾತ್ರೆ ಅಂದರೆ ಮೂರು ನಿಮಿಷ ಅಲ್ಲ. ಒಂದು ನಿಗದಿಯಾದ ಹೊತ್ತನ್ನು ಅಳೆಯಲು ಸರಿ, ದಿನದ ಗಂಟೆಗಳನ್ನು ಅಳೆಯಲು ಆಗದು. ಇದಕ್ಕೆ ಪರಿಹಾರ ಮುಂದೆ ಬೇರೆ ಊರಿನಲ್ಲಿ, ಬೇರೆಯವನ ಕೈಯಲ್ಲಿ ಸಿಕ್ಕಿತು. ಅದು ನಾಲ್ಕನೇ ದಿನದ ಕಥೆ.

ಪಕ್ಕದಲ್ಲೇ ಕ್ಲೆರೊಟೇರಿಯನ್. ಚಪ್ಪಡಿ ಕಲ್ಲು, ಅದರ ತುಂಬ ಸಾಲು ಸಾಲಾಗಿ ಸಣ್ಣ ಸೀಳುಗಳು. ತೀರ್ಪುಗಾರರಾಗಲು ಬಂದವರು ತಮ್ಮ ಹೆಸರಿನ ಪಟ್ಟಿಯನ್ನು ಕೊಡುತ್ತಿದ್ದರು. ಕಂಚಿನದೋ ಮರದ್ದೋ ತೆಳ್ಳನೆಯ ಪಟ್ಟಿ, ಈಗಿನ ಗುರುತಿನ ಚೀಟಿಯ ಹಾಗೆ. ಅವುಗಳನ್ನು ಸೀಳುಗಳಲ್ಲಿ ಸಿಕ್ಕಿಸುತ್ತಿದ್ದರು. ಕಲ್ಲಿನ ಪಕ್ಕದ ಕೊಳವೆಗೆ ಬಿಳಿ, ಕಪ್ಪು ಗುಂಡುಗಳನ್ನು ಕಲೆಸಿ ಸುರಿಯುತ್ತಿದ್ದರು. ಒಂದೊಂದು ಸಾಲಿಗೆ ಒಂದೊಂದು ಗುಂಡು ಕೆಳಗೆ ಬೀಳುತ್ತದೆ. ಬಿಳಿ ಬಿದ್ದರೆ ಆ ಸಾಲಿನವರೆಲ್ಲ ಇವತ್ತು ತೀರ್ಪುಗಾರರು. ಕಪ್ಪು ಬಿದ್ದರೆ ಮನೆಗೆ. ಯಾವ ಮೊಕದ್ದಮೆಗೆ ಯಾರು ಬರುತ್ತಾರೆ ಅಂತ ಬೆಳಿಗ್ಗೆವರೆಗೂ ಯಾರಿಗೂ ಗೊತ್ತಿಲ್ಲದಿದ್ದರೆ ಲಂಚ ಕೊಡುವುದು ಯಾರಿಗೆ?

ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ ಮತದ ಬಿಲ್ಲೆಗಳು. ಕಂಚಿನ ಸಣ್ಣ ತಟ್ಟೆ, ನಡುವೆ ಗೂಟದ ಹಾಗೆ ಚಿಕ್ಕ ಅಚ್ಚು. ಪ್ರತಿಯೊಬ್ಬ ತೀರ್ಪುಗಾರನಿಗೆ ಎರಡು ಬಿಲ್ಲೆ. ಒಂದರ ಅಚ್ಚು ಗಟ್ಟಿ, ಇನ್ನೊಂದರದು ಟೊಳ್ಳು. ಟೊಳ್ಳು ಹಾಕಿದರೆ ತಪ್ಪಿತಸ್ಥ, ಗಟ್ಟಿ ಹಾಕಿದರೆ ಬಿಡುಗಡೆ. ಅಚ್ಚಿನ ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಮುಚ್ಚಿ ಹಿಡಿದರೆ ಯಾವುದು ಯಾವುದೆಂದು ಪಕ್ಕದವನಿಗೂ ಕಾಣುವುದಿಲ್ಲ. ನಾನು ಪೆನ್ನಿನ ಮುಚ್ಚಳ ಹಿಡಿದು ಹಾಗೇ ಮಾಡಿ ನೋಡಿದೆ. ನಿಜ, ಕಾಣುವುದಿಲ್ಲ. ಗುಟ್ಟಿನ ಮತದಾನ ಎಂಬ ದೊಡ್ಡ ಮಾತು ಎರಡು ಬೆರಳಿನ ನಡುವೆ ಅಡಗಿಬಿಟ್ಟಿತ್ತು.

ಹೊರಡುವಾಗ ಕಂಡ ಒಂದು ವಸ್ತುವನ್ನು ಬಿಡಲಾರೆ. ಕ್ರಿ.ಪೂ. 6ನೇ ಶತಮಾನದ, ಮಗುವನ್ನು ಕಕ್ಕಸಿಗೆ ಕೂರಿಸುವ ಪಾಟಿ. ಮಣ್ಣಿನದು, ಮಗುವನ್ನು ಕೂರಿಸಿ ಎರಡೂ ಕಾಲು ಹೊರಗೆ ಬಿಡುವ ಹಾಗೆ ತೆರೆದಿದೆ. ಈಗಿನ ಪ್ಲಾಸ್ಟಿಕ್ಕಿನದಕ್ಕೂ ಇದಕ್ಕೂ ಬುದ್ಧಿಯಲ್ಲಿ ವ್ಯತ್ಯಾಸವೇ ಇಲ್ಲ. ತಾಯಂದಿರ ತೊಂದರೆ ಬದಲಾಗಿಲ್ಲ, ಉತ್ತರ ಯಾಕೆ ಬದಲಾಗಬೇಕು?

ಮೂರನೇ ದಿನ: ಚಿತ್ರದಲ್ಲಿದ್ದ ಚಕ್ರ

ರಾತ್ರಿ ಚಿಕ್ಕಪ್ಪ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು. ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನ ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು.

ಆಂಟಿಕಿಥೆರಾ ಎಂಬುದು ಒಂದು ಪುಟ್ಟ ದ್ವೀಪ. 1900ರಲ್ಲಿ ಸೈಮಿ ದ್ವೀಪದ ಕೆಲವರು ಸ್ಪಂಜು ತೆಗೆಯಲು ಅಲ್ಲಿ ಮುಳುಗಿದರು. ಕೆಳಗೆ ಒಂದು ಹಳೆಯ ಹಡಗು ಬಿದ್ದಿತ್ತು. ತುಂಬ ಪ್ರತಿಮೆಗಳು. ಮೊದಲು ನೋಡಿದವನು ಹೆಣಗಳ ರಾಶಿ ಅಂದುಕೊಂಡು ಹೆದರಿ ಮೇಲೆ ಬಂದನಂತೆ. ಆ ವರ್ಷದ ಕೊನೆಗೆ ಶುರು ಮಾಡಿ ಮುಂದಿನ ವರ್ಷದವರೆಗೆ ಸಿಕ್ಕಷ್ಟನ್ನು ಮೇಲೆ ಎತ್ತಿದರು. ಜನ ಪ್ರತಿಮೆಗಳನ್ನು ನೋಡಿ ಬೆರಗಾದರು. ಒಂದು ಕಿಲುಬು ಹಿಡಿದ ಗಂಟನ್ನು ಯಾರೂ ಕೇಳಲಿಲ್ಲ. 1902ರ ಮೇ ತಿಂಗಳಲ್ಲಿ ವಲೇರಿಯೋಸ್ ಸ್ಟಾಯಿಸ್ ಎಂಬ ಪುರಾತತ್ವ ತಜ್ಞ ಆ ತುಂಡುಗಳಲ್ಲಿ ಹಲ್ಲಿನ ಚಕ್ರವನ್ನು ಕಂಡರು.

ನಾವು ಕೋಣೆಗೆ ಹೋದೆವು. ಮೂರು ದೊಡ್ಡ ತುಂಡುಗಳು ಗಾಜಿನೊಳಗೆ. ನಾನು ಇನ್ನೂ ದೊಡ್ಡದಿರುತ್ತದೆ ಅಂದುಕೊಂಡಿದ್ದೆ. ಅಂಗೈ ಅಗಲಿಸಿದರೆ ಮುಚ್ಚಿಬಿಡಬಹುದು. ಚಿಕ್ಕಪ್ಪ ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದರು. ಅದು ಕೆಲವೇ ಅಂಗುಲ ದೂರದ್ದನ್ನು ತೋರಿಸುವಂಥದ್ದು, ಗಾಜಿನಾಚೆ ಪ್ರಯೋಜನವಿಲ್ಲ. ಆದರೂ ಒಮ್ಮೆ ಸಿಕ್ಕಿಸಿಕೊಂಡರು. ಆಮೇಲೆ ತೆಗೆದು, ಬರಿಗಣ್ಣಿನಿಂದ ತುಂಬ ಹೊತ್ತು ನೋಡಿದರು.

"ಹಲ್ಲು ಮೂರು ಮೂಲೆಯದು" ಅಂದರು ಕೊನೆಗೆ. "ಅರದಿಂದ ಕೈಯಲ್ಲೇ ಉಜ್ಜಿ ಮಾಡಿದ್ದು."

ನಮ್ಮ ವಾಚಿನ ಚಕ್ರದ ಹಲ್ಲು ದುಂಡಗೆ ಬಾಗಿರುತ್ತದೆ, ಒಂದರ ಮೇಲೊಂದು ಜಾರುವ ಹಾಗೆ. ಇದರದು ನೇರ ತ್ರಿಕೋನ. ಒಂದೆರಡು ಮಿಲಿಮೀಟರ್ ದಪ್ಪದ ಕಂಚಿನ ತಗಡಿನಿಂದ ಕತ್ತರಿಸಿದ್ದು. ಈವರೆಗೆ 82 ತುಂಡು ಸಿಕ್ಕಿವೆ, ಅವುಗಳಲ್ಲಿ 30 ಚಕ್ರ. ಹೆಚ್ಚಿನವು ದೊಡ್ಡ ತುಂಡಿನ ಒಳಗೇ ಇವೆ, ಕಣ್ಣಿಗೆ ಕಾಣುವುದಿಲ್ಲ. 2005ರಲ್ಲಿ ಎಂಟು ಟನ್ ತೂಕದ ಎಕ್ಸ್‌ರೇ ಯಂತ್ರವನ್ನು ಇದೇ ಮ್ಯೂಸಿಯಂಗೆ ತಂದು ಒಳಗನ್ನು ಪದರ ಪದರವಾಗಿ ನೋಡಿದರು. ರೋಗಿಯನ್ನು ಆಸ್ಪತ್ರೆಗೆ ಒಯ್ಯಲಾಗದಿದ್ದರೆ ಆಸ್ಪತ್ರೆಯೇ ಬರಬೇಕು ತಾನೇ?

ಈವರೆಗೆ ತಿಳಿದದ್ದು ಇಷ್ಟು. ಇದು ಸುಮಾರು ಚಪ್ಪಲಿ ಪೆಟ್ಟಿಗೆಯಷ್ಟಿದ್ದ ಮರದ ಪೆಟ್ಟಿಗೆ. ಪಕ್ಕದ ಹಿಡಿ ತಿರುಗಿಸಿದರೆ ಮುಂದಿನ ಮುಖದಲ್ಲಿ ಸೂರ್ಯ, ಚಂದ್ರರ ಮುಳ್ಳುಗಳು ರಾಶಿಚಕ್ರದ ಮೇಲೆ ಓಡುತ್ತವೆ. ಅರ್ಧ ಕಪ್ಪು, ಅರ್ಧ ಬಿಳಿ ಇರುವ ಒಂದು ಗುಂಡು ತಿರುಗಿ ಇವತ್ತು ಚಂದ್ರ ಎಷ್ಟು ಅಂತ ತೋರಿಸುತ್ತದೆ. ಹಿಂದಿನ ಮುಖದಲ್ಲಿ ಎರಡು ಸುರುಳಿ. ಒಂದರಲ್ಲಿ 235 ಚಾಂದ್ರ ತಿಂಗಳು, ಅಂದರೆ 19 ವರ್ಷ. ಇನ್ನೊಂದರಲ್ಲಿ 223 ತಿಂಗಳು, ಸೂರ್ಯ ಚಂದ್ರರ ಗ್ರಹಣಗಳು ಮರಳಿ ಬರುವ ಅವಧಿ. ಇನ್ನೊಂದು ಸಣ್ಣ ಮುಳ್ಳು ಈ ವರ್ಷ ಒಲಿಂಪಿಯಾದ ಆಟವೋ, ಬೇರೆ ಊರಿನ ಆಟವೋ ಎಂದು ಹೇಳುತ್ತದೆ. ಗ್ರಹಣ ಮತ್ತು ಕ್ರೀಡಾಕೂಟ ಒಂದೇ ಪೆಟ್ಟಿಗೆಯಲ್ಲಿ!

ಚಿಕ್ಕಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಚಂದ್ರನ ಜೋಡಣೆ. ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ಹೋಗುವುದಿಲ್ಲ. ಕೆಲವು ದಿನ ಚುರುಕು, ಕೆಲವು ದಿನ ನಿಧಾನ. ಅದನ್ನು ತೋರಿಸಲು ಎರಡು ಚಕ್ರಗಳನ್ನು ಒಂದರ ಮೇಲೊಂದು ಇಟ್ಟು, ನಡುಬಿಂದುವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದ್ದಾರೆ. ಒಂದರ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುತ್ತದೆ. ಹಾಗಾಗಿ ಮೇಲಿನ ಚಕ್ರ ಒಮ್ಮೆ ಮುಂದೆ, ಒಮ್ಮೆ ಹಿಂದೆ ಉಳಿಯುತ್ತದೆ. ಗೋಡೆಯ ಮೇಲಿನ ರೇಖಾಚಿತ್ರ ನೋಡಿ ಅವರು ಬೆರಳಿನಿಂದ ಗಾಳಿಯಲ್ಲಿ ಅದನ್ನು ತಿರುಗಿಸಿ ತೋರಿಸಿದರು. ಅವರ ಧ್ವನಿ ನಡುಗುತ್ತಿತ್ತು.

"ಪುಟ್ಟಿ, ಇದು ಮೊದಲನೆಯದು ಅಲ್ಲ ಕಣೆ. ಇಷ್ಟು ಸಲೀಸಾಗಿ ಮಾಡಬೇಕಾದರೆ ಅವನು, ಇಲ್ಲ ಅವನ ಗುರು, ಮುಂಚೆ ಎಷ್ಟೋ ಮಾಡಿ ಕೆಡಿಸಿರಬೇಕು."

ಹೌದು. ಆರ್ಕಿಮಿಡೀಸ್ ಮಾಡಿದ, ಸೂರ್ಯ ಚಂದ್ರ ಗ್ರಹಗಳನ್ನು ತಿರುಗಿಸಿ ತೋರಿಸುವ ಯಂತ್ರದ ಬಗ್ಗೆ ರೋಮಿನ ಸಿಸೆರೋ ಬರೆದಿದ್ದಾನೆ. ಉಳಿದು ಬಂದದ್ದು ಇದೊಂದೇ, ಅದೂ ಮುಳುಗಿದ್ದರಿಂದ. ನೆಲದ ಮೇಲಿದ್ದ ಕಂಚನ್ನು ಜನ ಕರಗಿಸಿ ಬೇರೆ ಏನೋ ಮಾಡಿಕೊಂಡರು.

ಇದಾದ ಮೇಲೆ ಇಷ್ಟು ಸಂಕೀರ್ಣವಾದ ಚಕ್ರಗಳ ಕೆಲಸ ಯೂರೋಪಿನಲ್ಲಿ ಕಾಣುವುದು 14ನೇ ಶತಮಾನದ ಗಡಿಯಾರಗಳಲ್ಲಿ. ನಡುವೆ ವಿದ್ಯೆ ಪೂರ್ತಿ ಸತ್ತಿರಲಿಲ್ಲ. ಕ್ರಿ.ಶ. 500ರ ಹೊತ್ತಿನ, ಚಕ್ರಗಳಿರುವ ಒಂದು ಬಿಸಿಲು ಗಡಿಯಾರ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಕ್ರಿ.ಶ. 1000ದ ಸುಮಾರಿಗೆ ಇಂಥದ್ದೇ ಪಂಚಾಂಗ ಯಂತ್ರವನ್ನು ವಿವರಿಸಿದ್ದಾರೆ. ಆದರೆ ಅವು ತುಂಬ ಸರಳ. ಕೆಲವೇ ಚಕ್ರ, ಅಷ್ಟೇ. ನೂಲು ಕಡಿಯಲಿಲ್ಲ, ತೀರಾ ತೆಳ್ಳಗಾಯಿತು.

ಮಧ್ಯಾಹ್ನ ಮ್ಯೂಸಿಯಂನ ತೋಟದಲ್ಲಿ ಕೂತೆವು. ಚಿಕ್ಕಪ್ಪ ಜಾಸ್ತಿ ಮಾತಾಡಲಿಲ್ಲ. ಪರ್ಸಿನಿಂದ ಆ ಹಳೆಯ ಪತ್ರಿಕೆಯ ತುಂಡು ತೆಗೆದು ನೋಡಿ, ಮಡಚಿ, ಮತ್ತೆ ಒಳಗಿಟ್ಟರು.

ನಾಲ್ಕನೇ ದಿನ: ನಾಣ್ಯ ಹಾಕಿದರೆ ನೀರು

ಕೋಟ್ಸಾನಾಸ್ ಮ್ಯೂಸಿಯಂ ಅಥೆನ್ಸ್‌ನ ನಡುವೆಯೇ ಇದೆ. ಇಲ್ಲಿರುವುದು ಹಳೆಯ ವಸ್ತುಗಳಲ್ಲ. ಹಳೆಯ ಬರಹಗಳನ್ನು ಓದಿ ಮತ್ತೆ ಕಟ್ಟಿದ ಯಂತ್ರಗಳು. ನಿನ್ನೆಯ ಮೌನದ ಮೇಲೆ ಇವತ್ತು ಓಡುವ, ಸುರಿಯುವ, ಸದ್ದು ಮಾಡುವ ಯಂತ್ರಗಳನ್ನು ಕಂಡು ಜೀವ ಹಗುರ ಆಯಿತು.

ಹೀರೋ ಎಂಬವನು ಕ್ರಿ.ಶ. 1ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ. ಅವನ ಬರಹದಲ್ಲಿ ಗುಡಿಯ ಬಾಗಿಲಲ್ಲಿ ಇಡುವ ಒಂದು ಪೆಟ್ಟಿಗೆ ಇದೆ. ಮೇಲಿನ ಸೀಳಿನಲ್ಲಿ ಐದು ದ್ರಾಕ್ಮಾದ ನಾಣ್ಯ ಹಾಕಬೇಕು. ನಾಣ್ಯ ಒಳಗಿನ ಸನ್ನೆಕೋಲಿನ ಒಂದು ತುದಿಯ ತಟ್ಟೆಯ ಮೇಲೆ ಬೀಳುತ್ತದೆ. ಆ ತುದಿ ತಗ್ಗುತ್ತದೆ, ಇನ್ನೊಂದು ತುದಿ ಏರಿ ಬಿರಡೆ ಎತ್ತುತ್ತದೆ, ಕೈ ತೊಳೆಯುವ ಪವಿತ್ರ ನೀರು ಬರುತ್ತದೆ. ತಟ್ಟೆ ಬಾಗಿದಂತೆ ನಾಣ್ಯ ಜಾರಿ ಬೀಳುತ್ತದೆ, ಬಿರಡೆ ಮತ್ತೆ ಕೂರುತ್ತದೆ, ನೀರು ನಿಲ್ಲುತ್ತದೆ. 1883ರಲ್ಲಿ ಪರ್ಸಿವಲ್ ಎವೆರಿಟ್ ಲಂಡನ್ನಿನಲ್ಲಿ ನಾಣ್ಯ ಹಾಕಿದರೆ ಪೋಸ್ಟ್ ಕಾರ್ಡ್ ಕೊಡುವ ಯಂತ್ರ ತಂದಾಗ ಜನರಿಗೆ ಅದು ಹೊಚ್ಚ ಹೊಸದು.

ಗುಡಿಯ ಬಾಗಿಲು ತಾನೇ ತೆರೆಯುವ ಯಂತ್ರವೂ ಹೀರೋನದೇ. ಬಲಿಪೀಠದ ಮೇಲೆ ಬೆಂಕಿ ಹಚ್ಚಿದರೆ ಅದರ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಆ ಗಾಳಿ ಕೆಳಗಿನ ಗೋಳದಲ್ಲಿರುವ ನೀರನ್ನು ಒಂದು ಬಕೆಟ್ಟಿಗೆ ತಳ್ಳುತ್ತದೆ. ಬಕೆಟ್ ಭಾರವಾಗಿ ಇಳಿಯುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಬಾಗಿಲಿನ ಕಂಬಗಳನ್ನು ತಿರುಗಿಸುತ್ತದೆ. ಬೆಂಕಿ ಆರಿದರೆ ನೀರು ಹಿಂದಕ್ಕೆ ಹೋಗಿ ಬಾಗಿಲು ಮುಚ್ಚುತ್ತದೆ. ಇದಕ್ಕೆ ಏನು ತೊಂದರೆ ಕಾರಣ ಅಂತ ನಾವಿಬ್ಬರೂ ತುಂಬ ಯೋಚಿಸಿದೆವು. ತೊಂದರೆ ಏನೂ ಇಲ್ಲ. ನೋಡಿದವರು ಬೆರಗಾಗಬೇಕು, ಅಷ್ಟೇ. ಆಸೆಯೂ ಯಂತ್ರ ಮಾಡಿಸುತ್ತದೆ.

ಬೈಜಾಂಟಿಯಮ್‌ನ ಫಿಲೋನ್ ಕ್ರಿ.ಪೂ. 3ನೇ ಶತಮಾನದವನು. ಅವನ ದಾಸಿ ಬೊಂಬೆ ಆಳೆತ್ತರ ಇದೆ. ಕೈಯಲ್ಲಿ ಬಟ್ಟಲು ಇಟ್ಟರೆ ಭಾರಕ್ಕೆ ಕೈ ತಗ್ಗಿ, ಹೂಜಿಯಿಂದ ಮೊದಲು ದ್ರಾಕ್ಷಾರಸ, ಆಮೇಲೆ ನೀರು ಸುರಿಯುತ್ತದೆ. ನನಗೆ ಅದಕ್ಕಿಂತ ಅವನ ಹೆಸರಿನಲ್ಲಿರುವ ಮಸಿಕುಡಿಕೆ ಇಷ್ಟವಾಯಿತು. ಎಂಟು ಮುಖ, ಒಂದೊಂದಕ್ಕೂ ಒಂದು ಬಾಯಿ. ಹೇಗೆ ತಿರುಗಿಸಿದರೂ ಮಸಿ ಚೆಲ್ಲುವುದಿಲ್ಲ. ಒಳಗೆ ಬಳೆಗಳ ಒಳಗೆ ಬಳೆ, ನಡುವೆ ಬಟ್ಟಲು. ಹೊರಗಿನದು ಹೇಗೆ ಹೊರಳಿದರೂ ಬಟ್ಟಲು ನೆಟ್ಟಗೇ ಇರುತ್ತದೆ. ಹಡಗಿನ ದಿಕ್ಸೂಚಿಯನ್ನು ಹೀಗೇ ತೂಗು ಹಾಕುತ್ತಿದ್ದರು. ಈಗ ಓಡುತ್ತಾ ವಿಡಿಯೋ ತೆಗೆಯುವವರು ಫೋನಿಗೆ ಸಿಕ್ಕಿಸುವ ಗಿಂಬಲ್‌ನ ಉಪಾಯವೂ ಇದೇ, ಆದರೆ ಬಳೆಗಳ ಬದಲು ಮೋಟಾರು ತಿರುಗಿಸುವ ತೋಳುಗಳಿವೆ.

ಇನ್ನು ಎರಡನೇ ದಿನ ಬಾಕಿ ಉಳಿಸಿದ ಕಥೆ. ಟೆಸಿಬಿಯಸ್ ಅಲೆಕ್ಸಾಂಡ್ರಿಯಾದ ಒಬ್ಬ ಕ್ಷೌರಿಕನ ಮಗ. ಅಪ್ಪನ ಅಂಗಡಿಯ ಕನ್ನಡಿಯನ್ನು ಮೇಲೆ ಕೆಳಗೆ ಸರಿಸಲು ಕೊಳವೆಯಲ್ಲಿ ಸೀಸದ ಗುಂಡು ಇಳಿಬಿಟ್ಟ. ಗುಂಡು ಇಳಿಯುವಾಗ ಒಳಗಿನ ಗಾಳಿ ಅದುಮಿ ಸದ್ದು ಮಾಡಿತು. ಆ ಸದ್ದನ್ನು ಹಿಂಬಾಲಿಸಿ ಹೋದವನಿಗೆ ಗಾಳಿಯ ಒತ್ತಡ, ಎರಡು ಸಿಲಿಂಡರಿನ ಪಂಪು, ನೀರಿನ ಆರ್ಗನ್ ಎಂಬ ವಾದ್ಯ ಸಿಕ್ಕವು. ಧಾರೆ ಸಣ್ಣಗಾಗುವ ತೊಂದರೆಗೆ ಅವನ ಉತ್ತರ ಸರಳ: ಮೇಲಿನ ಪಾತ್ರೆ ಯಾವಾಗಲೂ ತುಂಬಿಯೇ ಇರಲಿ, ಹೆಚ್ಚಾದದ್ದು ಹೊರಗೆ ಹೋಗಲಿ. ಆಗ ಧಾರೆ ಯಾವಾಗಲೂ ಒಂದೇ ಸಮ. ಕೆಳಗಿನ ಪಾತ್ರೆಯಲ್ಲಿ ತೇಲುಬೆಂಡು ಏರುತ್ತದೆ, ಅದರ ಮೇಲಿನ ಮುಳ್ಳು ಗಂಟೆ ತೋರಿಸುತ್ತದೆ.

ವಿವರಣೆಯಲ್ಲಿ ಒಂದು ಸಾಲು ಓದಿ ನಾನು ಚಿಕ್ಕಪ್ಪನಿಗೆ ಹೇಳಿದೆ. ನೀರು ಹರಿಯುವ ತೂತನ್ನು ಟೆಸಿಬಿಯಸ್ ಬಂಗಾರದಲ್ಲೋ, ಕೊರೆದ ರತ್ನದಲ್ಲೋ ಮಾಡುತ್ತಿದ್ದ, ಯಾಕೆಂದರೆ ಅವು ಸವೆಯುವುದಿಲ್ಲ, ಕಸ ಹಿಡಿಯುವುದಿಲ್ಲ ಅಂತ ವಿಟ್ರೂವಿಯಸ್ ಹೇಳುತ್ತಾನೆ.

ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡರು. "ಕಲ್ಲು! ನಾವು ವಾಚಿಗೆ ಕೂರಿಸ್ತೀವಲ್ಲ, ಅದೇ ಕಲ್ಲು!"

ಹಳೆಯ ವಾಚಿನ ಮುಖದ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರುತ್ತದಲ್ಲ, ಅದು ಇದೇ. ಚಕ್ರದ ಅಚ್ಚು ಸವೆಯದಿರಲಿ ಅಂತ ಮಾಣಿಕ್ಯದ ಸಣ್ಣ ಬಳೆಯಲ್ಲಿ ಕೂರಿಸುತ್ತಾರೆ. ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಕೊಟ್ಟಿದ್ದು 1704ರಲ್ಲಿ. ಗಡಿಯಾರದ ಸವೆತಕ್ಕೆ ರತ್ನವೇ ಮದ್ದು ಅನ್ನುವುದು ಅದಕ್ಕೂ ಸುಮಾರು ಎರಡು ಸಾವಿರ ವರ್ಷ ಮೊದಲು ಒಬ್ಬ ಕ್ಷೌರಿಕನ ಮಗನಿಗೆ ಹೊಳೆದಿತ್ತು.

ಐದನೇ ದಿನ: ಕಲ್ಲಿನ ಹಳಿ

ಕೊರಿಂತ್‌ಗೆ ಹೋಗುವಾಗ ದಾರಿ ತಪ್ಪಿ ಒಂದು ಗಂಟೆ ಹಾಳಾಯಿತು. ಬಿಸಿಲೂ ಜೋರು. ಅಲ್ಲಿನ ಹಡಗು ಕಾಲುವೆಯ ಪಡುವಣ ತುದಿಗೆ ಬಂದಾಗ ಚಿಕ್ಕಪ್ಪ ದಣಿದಿದ್ದರು. ಆದರೆ ನೋಡಬೇಕಾದ್ದು ಕಾಲ ಕೆಳಗೇ ಇತ್ತು.

ಡಿಯೋಲ್ಕಾಸ್. ಕ್ರಿ.ಪೂ. 600ರ ಸುಮಾರಿನ ಚಪ್ಪಡಿ ಹಾದಿ. ಎರಡು ಸಮುದ್ರಗಳ ನಡುವಿನ ನೆಲದ ಪಟ್ಟಿಯನ್ನು ದಾಟಲು ಹಾಕಿದ್ದು. ಇದಿಲ್ಲದಿದ್ದರೆ ಹಡಗುಗಳು ದಕ್ಷಿಣದ ಪೆಲೊಪೊನೀಸ್ ಪರ್ಯಾಯ ದ್ವೀಪವನ್ನು ಇಡೀ ಸುತ್ತಿ, ಬಿರುಗಾಳಿಗೆ ಹೆಸರಾದ ಮಲಿಯಾ ಭೂಶಿರ ದಾಟಿ ಬರಬೇಕು. ತೊಂದರೆ ಸ್ಪಷ್ಟ. ಹಾಗಾಗಿ ಸರಕನ್ನು, ಕೆಲವೊಮ್ಮೆ ಯುದ್ಧದ ಹಡಗುಗಳನ್ನೇ, ಗಾಡಿಯ ಮೇಲೆ ಎಳೆದು ದಾಟಿಸುತ್ತಿದ್ದರು. ಕಲ್ಲಿನಲ್ಲಿ ಸಮಾನಾಂತರವಾಗಿ ಎರಡು ಗಾಡಿಜಾಡು, ನಡುವೆ ಸುಮಾರು 1.6 ಮೀಟರ್. ಗಾಲಿ ಅದರಿಂದ ಹೊರಗೆ ಹೋಗದು. ರೈಲಿನ ಹಳಿಗೆ ಇನ್ನೇನು ಬೇಕು?

ಇಲ್ಲಿ ಒಂದು ಎಚ್ಚರ ಬೇಕು. ಇಂದಿನ ರೈಲು ಹಳಿಯ ಅಳತೆ ಹಳೆಯ ರಥಗಳಿಂದ ನೇರವಾಗಿ ಬಂತು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಹೋಲಿಕೆ ಬೇರೆ, ವಂಶ ಬೇರೆ. ರೈಲು ಹುಟ್ಟಿದ್ದು ಗಣಿಗಳ ಮರದ ಹಳಿಗಳಿಂದ. ಈ ಕಲ್ಲಿನ ಹಾದಿಯನ್ನು ನೋಡಿ ಯಾರೂ ರೈಲು ಮಾಡಲಿಲ್ಲ. ಭಾರವಾದ ಗಾಡಿ ಅತ್ತಿತ್ತ ಹೋಗದಿರಲಿ ಅನ್ನುವ ಅದೇ ತೊಂದರೆ ಮತ್ತೆ ಬಂತು, ಅದೇ ಉತ್ತರ ಮತ್ತೆ ಹುಟ್ಟಿತು. ನನಗೆ ಇದು ವಂಶದ ಕಥೆಗಿಂತ ಹೆಚ್ಚು ಚೆಂದ ಅನ್ನಿಸುತ್ತದೆ.

1893ರಲ್ಲಿ ತೆರೆದ 6.4 ಕಿಲೋಮೀಟರಿನ ಕಾಲುವೆ ಪಕ್ಕದಲ್ಲೇ ಇದೆ. ಅದರಲ್ಲಿ ಹೋಗುವ ಹಡಗುಗಳ ಅಲೆ ಬಡಿದು ಹಳೆಯ ಹಾದಿಯ ಎಷ್ಟೋ ಕಲ್ಲು ನೀರು ಪಾಲಾದವು. ಉಳಿದದ್ದನ್ನು ಈಗ ದುರಸ್ತಿ ಮಾಡಿದ್ದಾರೆ. ನೋಡುವಾಗ ಸಂಕಟ ಆಯಿತು.

ಸಂಜೆ ಪಿರೇಯಸ್ ಬಂದರಿನಿಂದ ಕ್ರೀಟ್ ದ್ವೀಪಕ್ಕೆ ಹಡಗು. ರಾತ್ರಿ ಮೇಲಟ್ಟದಲ್ಲಿ ಗಾಳಿಗೆ ಕೂತಿದ್ದೆವು. "ಕಲಿಯೋಕೆ ಮೂವರು ಹುಡುಗರು ಬಂದಿದ್ದರು" ಅಂದರು ಚಿಕ್ಕಪ್ಪ ಇದ್ದಕ್ಕಿದ್ದಂತೆ. "ಮೂವರೂ ಮೊಬೈಲ್ ರಿಪೇರಿಗೆ ಹೋದರು. ಅವರದ್ದೇನು ತಪ್ಪು?" ನಾನು ಸುಮ್ನೆ ಇದ್ದೆ.

ಆರನೇ ದಿನ: ರಾಣಿಯ ಕೋಣೆಯ ಪಕ್ಕ

ಹಡಗು ಬೆಳಿಗ್ಗೆ ಹೆರಾಕ್ಲಿಯನ್ ತಲುಪಿತು. ನಾಸಸ್ ಅಲ್ಲಿಂದ 5 ಕಿಲೋಮೀಟರ್. ಆರ್ಥರ್ ಇವಾನ್ಸ್ 1900ರಲ್ಲಿ ಅಗೆಯಲು ಶುರು ಮಾಡಿದ ಅರಮನೆ. ಅವರು ಕೆಲವು ಕಡೆ ಕಾಂಕ್ರೀಟ್ ಹಾಕಿ, ಕಂಬಗಳಿಗೆ ಕೆಂಪು ಬಣ್ಣ ಬಳಿದು ಮತ್ತೆ ಕಟ್ಟಿದ್ದಾರೆ. ನನಗೆ ಅದು ಇಷ್ಟವಾಗಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ಪ್ರತಿ ಹೆಜ್ಜೆಗೂ ಕೇಳಬೇಕು.

ಕೆಳಗಿನ ಚರಂಡಿಗಳು ಮಾತ್ರ ಹಳೆಯವೇ. ಇಲ್ಲಿಯ ಮಣ್ಣಿನ ಪೈಪುಗಳು ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಕಿರಿದಾದ ತುದಿ ಮುಂದಿನ ಪೈಪಿನ ಬಾಯಿಗೆ ಸೇರುತ್ತದೆ. ಕಿರಿದಾದಲ್ಲಿ ನೀರು ಚುರುಕಾಗುತ್ತದೆ, ಕೆಸರು ಕೂರಲು ಬಿಡುವುದಿಲ್ಲ. ರಾಣಿಯ ಕೋಣೆ ಅಂತ ಕರೆಯುವ ಜಾಗದ ಪಕ್ಕದಲ್ಲಿ ಶೌಚದ ಕೋಣೆ. ಮರದ ಪೀಠ ಇದ್ದ ಗುರುತು, ಅದರ ಕೆಳಗೆ ಚರಂಡಿ. ನೀರು ಹೊಯ್ದರೆ ಎಲ್ಲ ತೊಳೆದು ಹೋಗಬೇಕು. ಇದು ಸುಮಾರು 3,500 ವರ್ಷ ಹಳೆಯದು. ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ ತೊಟ್ಟಿಯಿಂದ ನೀರು ಬಿಡುವ ಕಕ್ಕಸಿನ ಬಗ್ಗೆ ಬರೆದದ್ದು 1596ರಲ್ಲಿ. ವಾಸನೆ ತಡೆಯುವ ಬಾಗಿದ ಪೈಪಿಗೆ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದದ್ದು 1775ರಲ್ಲಿ.

ಈ ಕಮಿಂಗ್ ಮೂಲತಃ ಗಡಿಯಾರ ಮಾಡುವವನು. ಇದನ್ನು ಕೇಳಿ ಚಿಕ್ಕಪ್ಪ ಮಗುವಿನ ಹಾಗೆ ನಕ್ಕರು.

ಇದೇ ಮೊದಲು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊಹೆಂಜೊದಾರೋದಲ್ಲಿ ಇದಕ್ಕೂ ನೂರಾರು ವರ್ಷ ಮೊದಲು ಬೀದಿ ಬೀದಿಗೆ ಮುಚ್ಚಿದ ಚರಂಡಿ, ಮನೆ ಮನೆಗೆ ಬಚ್ಚಲು ಇದ್ದವು. ಅಲ್ಲಿ ಅದು ಅರಮನೆಗೆ ಮಾತ್ರ ಅಲ್ಲ, ಸಾಮಾನ್ಯರ ಮನೆಗಳಿಗೂ ಇತ್ತು. ನನ್ನ ಲೆಕ್ಕದಲ್ಲಿ ಅದು ದೊಡ್ಡದು.

ಏಳನೇ ದಿನ: ಸಿಗದ ಅಚ್ಚುಗಳು

ಕೊನೆಯ ದಿನ ಹೆರಾಕ್ಲಿಯನ್ ಮ್ಯೂಸಿಯಂ. ನಾವು ಬೇರೆ ಕೋಣೆಗಳನ್ನು ಬೇಗ ದಾಟಿ ಫೈಸ್ಟಾಸ್ ಬಿಲ್ಲೆಯ ಮುಂದೆ ನಿಂತೆವು. 1908ರಲ್ಲಿ ಲುಯಿಜಿ ಪೆರ್ನಿಯರ್ ಎಂಬ ಇಟಲಿಯ ಪುರಾತತ್ವ ತಜ್ಞನಿಗೆ ಸಿಕ್ಕಿದ್ದು. ಅಡ್ಡಳತೆ ಸುಮಾರು 16 ಸೆಂಟಿಮೀಟರ್, ಮಣ್ಣಿನದು. ಎರಡೂ ಬದಿಗೆ ಸುರುಳಿಯಾಗಿ ಚಿಕ್ಕ ಚಿಕ್ಕ ಚಿತ್ರಗಳು: ಓಡುವ ಮನುಷ್ಯ, ಗರಿ ಸಿಕ್ಕಿಸಿದ ತಲೆ, ಮೀನು, ಹಕ್ಕಿ. ಒಟ್ಟು 240ಕ್ಕೂ ಹೆಚ್ಚು ಗುರುತು, ಆದರೆ ಬೇರೆ ಬೇರೆ ಚಿತ್ರ 45 ಮಾತ್ರ. ಯಾವುದನ್ನೂ ಕೈಯಲ್ಲಿ ಬರೆದಿಲ್ಲ. ಹಸಿ ಮಣ್ಣಿನ ಮೇಲೆ ಒಂದೊಂದು ಚಿತ್ರವನ್ನೂ ಅದರದೇ ಅಚ್ಚಿನಿಂದ ಒತ್ತಿದ್ದಾರೆ.

ಅಂದರೆ ಅಚ್ಚುಮೊಳೆ. ಚೀನಾದ ಬಿ ಶೆಂಗ್ ಸುಟ್ಟ ಮಣ್ಣಿನ ಅಚ್ಚುಮೊಳೆ ಮಾಡಿದ್ದು 1040ರ ದಶಕದಲ್ಲಿ. ಗುಟೆನ್‌ಬರ್ಗ್ ಲೋಹದ ಮೊಳೆಯಿಂದ ಮುದ್ರಿಸಿದ್ದು 1450ರ ಸುಮಾರಿಗೆ. ಈ ಬಿಲ್ಲೆ ಕ್ರಿ.ಪೂ. ಎರಡನೇ ಸಾವಿರ ವರ್ಷಗಳದ್ದು. ಇದರಲ್ಲಿ ಏನು ಬರೆದಿದೆ ಅಂತ ಇವತ್ತಿಗೂ ಯಾರೂ ಎಲ್ಲರೂ ಒಪ್ಪುವ ಹಾಗೆ ಓದಿಲ್ಲ.

ಚಿಕ್ಕಪ್ಪ ಗಾಜಿನ ಸುತ್ತ ಎರಡು ಸುತ್ತು ಬಂದರು. "ನಲವತ್ತೈದು ಅಚ್ಚು ಕೊರೆದಿದ್ದಾನೆ. ಒಂದೇ ಒಂದು ಬಿಲ್ಲೆಗೋಸ್ಕರ ಯಾರೂ ಅಷ್ಟು ಕೊರೆಯಲ್ಲ. ಆ ಅಚ್ಚುಗಳೆಲ್ಲಿ?"

"ಒಂದೂ ಸಿಕ್ಕಿಲ್ಲ ಚಿಕ್ಕಪ್ಪ. ಇಂಥ ಇನ್ನೊಂದು ಬಿಲ್ಲೆಯೂ ಸಿಕ್ಕಿಲ್ಲ."

ಅವರು ತಲೆ ಅಲ್ಲಾಡಿಸಿದರು. ಬಾಗಿಲವರೆಗೆ ಬಂದು ಮತ್ತೆ ಹಿಂದೆ ಹೋಗಿ ಒಮ್ಮೆ ನೋಡಿ ಬಂದರು.

ರಾತ್ರಿ ಹೋಟೆಲ್ ಕೋಣೆಯಲ್ಲಿ ನಾನೇ ಕೇಳಿದೆ. "ಚಿಕ್ಕಪ್ಪ, ನಿಮ್ಮ ವಾಚಿನ ಕಲ್ಲು ತೋರಿಸ್ತೀರಾ?"

ಅವರು ಫ್ಯಾನ್ ಆರಿಸಿದರು, ಧೂಳು ಏಳಬಾರದು ಅಂತ. ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿದರು. ಸೂಟ್‌ಕೇಸಿನ ತಳದಿಂದ ಪುಟ್ಟ ಚೂರಿ ತೆಗೆದು ಕೀ ಕೊಡುವ ಹಳೆಯ ವಾಚಿನ ಬೆನ್ನಿನ ಸಂದಿಗೆ ಇಟ್ಟರು. ಆಮೇಲೆ ಏನೋ ಯೋಚಿಸಿ ಚೂರಿಯನ್ನು ನನ್ನ ಕೈಗೆ ಕೊಟ್ಟರು.

"ನೀನೇ ತೆಗಿ. ಒತ್ತಬೇಡ, ಸ್ವಲ್ಪ ತಿರುಗಿಸು."

ಟಕ್ ಅಂತ ಮುಚ್ಚಳ ಬಿಟ್ಟುಕೊಂಡಿತು. ಅವರು ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಸಿಕ್ಕಿಸಿ, ದೀಪವನ್ನು ಹತ್ತಿರ ತಂದರು. ಮೊದಲು ಏನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ಇನ್ನೂ ಸ್ವಲ್ಪ ಬಗ್ಗಿದೆ. ಚಿಕ್ಕ ಚಕ್ರವೊಂದು ಅತ್ತ ಇತ್ತ ತೂಗುತ್ತಿತ್ತು. ಅದರ ನಡುವೆ, ಸಾಸಿವೆಗಿಂತ ಚಿಕ್ಕದಾಗಿ, ಒಂದು ಕೆಂಪು ಕಲ್ಲು.

"ಕಾಣಿಸ್ತಾ?" ಅಂದರು.

"ಕಾಣಿಸ್ತು."

"ಹಾಗಾದ್ರೆ ಇನ್ನು ಹದಿನಾರು ಹುಡುಕು" ಅಂತ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.